ದುಬೈ ಎಷ್ಟು ರೊಟ್ಟಿ ದೂರ?

ಒಂದು ಒಗಟು ಹಾಕ್ತೇನಿ, ಬಿಡಿಸ್ರಿ ನೋಡೋಣ. ಮುಂಬೈ ವಿಮಾನ ನಿಲ್ದಾಣದಿಂದ ದುಬೈ ವಿಮಾನ ನಿಲ್ದಾಣ ಎಷ್ಟು ರೊಟ್ಟಿ ದೂರ?

ಮೈಲಿ ಅಲ್ಲ, ಕಿಲೋಮೀಟರ್ ಅಲ್ಲ. ರೊಟ್ಟಿ. ಬಿಳಿಜೋಳದ್ದು.

ಬರಲಿಲ್ಲ? ಬರೋದಿಲ್ಲ. ದೊಡ್ಡ ದೊಡ್ಡ ಸಾಲಿ ಕಲಿತವರಿಗೂ ಬರೋದಿಲ್ಲ. ಏಳನೇ ತರಗತಿಯ ಮುಲ್ಕಿ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದ ನನಗೆ ಬರ್ತದ, ಯಾಕಂದರೆ ಈ ಉತ್ತರ ತಯಾರಾಗುವಾಗ ನಾನು ಒಲೆಯ ಮುಂದೆಯೇ ನಿಂತಿದ್ದೆ. ಶಿಗ್ಗಾಂವಿಯ ನಮ್ಮ ಓಣಿಯಲ್ಲಿ ಇಂಥಾವು ತಿಂಗಳಿಗೆ ಒಂದಾದರೂ ನಡೀತಾವ. ಅರ್ಧ ತಾವಾಗಿಯೇ ನಡೀತಾವ, ಉಳಿದರ್ಧ ನಾನು ನಡಸ್ತೇನಿ.

೧. ಸವಣೂರು ಮುಟ್ಟದ ದೊಡ್ಡಪ್ಪ

ನಮ್ಮಪ್ಪನದು ಬಾಡಿಗೆ ಸೈಕಲ್ ಅಂಗಡಿ. ತಾಸಿನ ಲೆಕ್ಕದಲ್ಲಿ ಸೈಕಲ್ ಕೊಡೋದು. ಅದಕ್ಕೇ ಗೋಡೆಗೆ ಒಂದು ದೊಡ್ಡ ಗಡಿಯಾರ ನೇತುಹಾಕಿದ್ದಾನೆ. ಅಂಗಡಿಯ ಎದುರಿಗೇ ದೊಡ್ಡವ್ವನ ಮನೆ. ಸ್ವಂತ ದೊಡ್ಡವ್ವ ಅಲ್ಲ, ಓಣಿಗೆಲ್ಲ ದೊಡ್ಡವ್ವ. ಆಕೆಗೆ ಗಡಿಯಾರ ನೋಡಲು ಬರೋದಿಲ್ಲ, ಬೇಕಾಗಿಯೂ ಇಲ್ಲ. ಆಕೆಗೆ ರೊಟ್ಟಿ ಐತಿ.

ಮನೆಯವರು ಊರಿಗೆ ಹೊರಟರೆ ಅವರು ಮುಟ್ಟುವತನಕ ಮನೆಯ ಕಸ ಹೊಡೆಯಬಾರದು ಅನ್ನೋದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಐತಿ. ದೊಡ್ಡವ್ವ ಒಂದು ಹೆಜ್ಜೆ ಮುಂದೆ. ಅವರು ಮುಟ್ಟುವತನಕ ಆಕೆ ತುತ್ತು ಮುಟ್ಟೋದಿಲ್ಲ. ಮುಟ್ಟಿದರು ಅಂತ ಗೊತ್ತಾಗೋದು ಹೆಂಗ? ಹೊರಟವರು ಹೊಸ್ತಿಲು ದಾಟಿದ ಕೂಡಲೇ ಒಲೆಯ ಮುಂದೆ ಕುಂತು ರೊಟ್ಟಿ ಬಡಿಯಲು ಶುರು ಮಾಡ್ತಾಳ. ಬಡಿದು, ಹಂಚಿಗೆ ಹಾಕಿ, ನೀರು ಸವರಿ, ತಿರುವಿ, ಉಬ್ಬಿಸಿ ತೆಗೆದರೆ ಮೂರು ನಿಮಿಷ. ಸುಳ್ಳಲ್ಲ, ನಮ್ಮ ಗಡಿಯಾರ ಹಚ್ಚಿ ನೋಡೇನಿ. ತಾಸಿಗೆ ಬರೋಬ್ಬರಿ ಇಪ್ಪತ್ತು. ಸವಣೂರು ಇಪ್ಪತ್ತು ರೊಟ್ಟಿ. ಹಾನಗಲ್ಲು ಮೂವತ್ತು. ಹಿರೇಕೆರೂರು ಆಕೆಯ ತವರು, ಅರವತ್ತು ರೊಟ್ಟಿ. ಆದ ರೊಟ್ಟಿಯನ್ನು ಒಣಗಿಸಿ ಓಣಿಗೆಲ್ಲ ಹಂಚ್ತಾಳ. ಹಿಂಗಾಗಿ ದೊಡ್ಡವ್ವನ ಮನೆಯವರು ದೂರದೂರಿಗೆ ಹೋಗಲಿ ಅಂತ ನಾವೆಲ್ಲ ಹಾರೈಸ್ತೇವಿ.

ಒಂದಿನ ದೊಡ್ಡಪ್ಪ, ಅಂದರೆ ಆಕೆಯ ಗಂಡ, ಸವಣೂರಿಗೆ ಹೊರಟ. ಬಸ್ ತಪ್ಪಿತು. ಸ್ವಲ್ಪ ಹೊತ್ತಿನಲ್ಲಿ ತಿರುಗಿ ಬಂದು ಹೊಸ್ತಿಲ ಮೇಲೆ ಕಾಲಿಟ್ಟ. ಒಳಗಿಂದ ದೊಡ್ಡವ್ವ ಕೂಗಿದಳು:

"ಅಲ್ಲೇ ನಿಂದರ್ರಿ! ಒಳಗ ಬರಬ್ಯಾಡ್ರಿ! ನೀವಿನ್ನೂ ಸವಣೂರು ಮುಟ್ಟಿಲ್ಲ!"

"ಬಸ್ಸ ಸಿಗಲಿಲ್ಲಬೇ. ನಾ ಹೋಗೇ ಇಲ್ಲ."

"ಹೊಸ್ತಿಲಾ ದಾಟಿದ್ರಿ ಇಲ್ಲ? ದಾಟಿದ ಮ್ಯಾಲ ಹೋದಂಗ. ಇನ್ನೂ ಒಂಬತ್ತು ರೊಟ್ಟಿ ಅದಾವ, ಕಟ್ಟಿ ಮ್ಯಾಲ ಕುಂಡ್ರಿ."

ದೊಡ್ಡಪ್ಪ ತನ್ನ ಮನೆಯ ಕಟ್ಟೆಯ ಮೇಲೆ ಪರಊರಿಂದ ಬಂದ ಪಾವುಣರಂತೆ ಕುಂತ. ಒಂಬತ್ತು ರೊಟ್ಟಿ ಆದವು. ದೊಡ್ಡವ್ವ ಕಸ ಹೊಡೆದು, ಕೈ ತೊಳೆದು ಹೊರಗೆ ಬಂದು ನಕ್ಕಳು:

"ಈಗ ಮುಟ್ಟಿದ್ರಿ ನೋಡ್ರಿ. ಬರ್ರಿ, ಉಣ್ಣೂಣು."

೨. ಮುಗಿಲಿಗೆ ಹಳಿ ಇಲ್ಲ

ದೊಡ್ಡವ್ವನಿಗೆ ಒಬ್ಬನೇ ಮಗ. ನಮಗೆಲ್ಲ ಅಣ್ಣ. ಹುಬ್ಬಳ್ಳಿಯಲ್ಲಿ ವೆಲ್ಡಿಂಗ್ ಕಲಿತಿದ್ದ. ಆಗಿನ್ನೂ ದುಬೈ ಅಂಬೋ ಹೆಸರು ನಮ್ಮ ಕಡೆ ಹೊಸದು. ಅಣ್ಣನಿಗೆ ಅಲ್ಲಿ ಕೆಲಸ ಸಿಕ್ಕಿತು. ಮೊದಲು ಹುಬ್ಬಳ್ಳಿಗೆ ಹೋಗಿ, ಅಲ್ಲಿ ರೈಲು ಹತ್ತಿ ಮುಂಬೈಗೆ ಹೋದ. ಆ ದಿನ ದೊಡ್ಡವ್ವ ಹುಬ್ಬಳ್ಳಿಯತನಕ ಅಷ್ಟೇ ರೊಟ್ಟಿ ಬಡಿದು ಎದ್ದಳು.

"ಮುಂಬೈ ಇನ್ನೂ ದೂರ ಐತಿ ದೊಡ್ಡವ್ವ" ಅಂದೆ.

"ಇರವಲ್ದ್ಯಾಕ. ರೈಲ ಹಳಿ ಹಿಡದ ಹೊಕ್ಕತಿ. ಹಾದಿ ತಪ್ಪೂದಿಲ್ಲ."

ಎಂಟು ದಿನಕ್ಕೆ ಅಣ್ಣನ ಪತ್ರ ಬಂತು. ಓದಿದವನು ನಾನೇ. ಬರುವ ಗುರುವಾರ ಮುಂಜಾನೆ ಹತ್ತಕ್ಕೆ ವಿಮಾನ, ಮುಂಬೈ ಬಿಟ್ಟು ಸಮುದ್ರ ದಾಟಿ ನೆಟ್ಟಗೆ ದುಬೈಗೆ ಹೋಗ್ತದ, ಅಷ್ಟೇ ಬರೆದಿದ್ದ. ದೊಡ್ಡವ್ವ ಕೇಳಿದಳು:

"ಎಷ್ಟೊತ್ತಿಗೆ ಮುಟ್ಟತೈತಿ ಅಂತ?"

"ಬರದಿಲ್ಲ."

ಆಕೆಯ ಮುಖ ಸಣ್ಣದಾಯಿತು. "ಮುಗಲಿಗೆ ಹಳಿ ಎಲ್ಲಿ ಬಂತೋ ಹುಡುಗಾ? ಲೆಕ್ಕ ಗೊತ್ತಿಲ್ದ ನಾ ಹೆಂಗ ಕುಂಡ್ರಲಿ?"

ಅಲ್ಲಿಂದ ಓಣಿಗೆಲ್ಲ ಇದೇ ಕೆಲಸವಾಯಿತು. ಮುಂಬೈಯಿಂದ ದುಬೈಗೆ ಎಷ್ಟು ದೂರ, ಎಷ್ಟು ತಾಸು?

ಹಾನಗಲ್ಲು–ಹಿರೇಕೆರೂರು ಬಸ್ಸಿನ ಕಂಡಕ್ಟರ್ ನಮ್ಮ ಓಣಿಯವನೇ. ಅವನು ತಲೆ ಕೆರೆದುಕೊಂಡು ಹೇಳಿದ: "ಗಾಡಿ ನೆಟ್ಟಗ ಹೊಕ್ಕತಿ ಅಂತ ಬರದಾನ, ಖರೇ. ನಮ್ಮ ಗಾಡಿಗೂ ಎಕ್ಸ್‌ಪ್ರೆಸ್ ಅಂತ ಬೋರ್ಡ್ ಐತಿ. ಹಂಸಭಾವಿಯೊಳಗ ಎಮ್ಮಿ ಅಡ್ಡ ಬಂದ್ರ ಅವು ದಾಟೂತನಕ ನಿಂದರ್ತೈತಿ."

"ಮುಗಲಾಗ ಎಮ್ಮಿ ಎಲ್ಲಿಂದ ಬರ್ತಾವೋ ಮಾವ?"

"ಮೋಡ ಬರ್ತಾವಲ್ಲಲೇ! ಅವೇನ ಹಾರ್ನ್ ಹೊಡದ್ರ ಸರೀತಾವು?"

ಅಲ್ಲಿಗೆ ಅವನ ಲೆಕ್ಕ ಮುಗಿಯಿತು. ನಾನು ಪೆನ್ಶನ್ ಮಾಸ್ತರರ ಕಡೆ ಹೋದೆ. ಅವರ ಹತ್ತಿರ ದೊಡ್ಡ ನಕಾಶದ ಪುಸ್ತಕ ಐತಿ. ಅವರು ಕನ್ನಡಕ ಏರಿಸಿ, ಬೆರಳು ಇಟ್ಟು ಅಳೆದರು: "ಮುಂಬೈಯಿಂದ ದುಬೈ ನಾಕ ಬೆರಳ."

ಅವರ ಗೋಡೆಯ ಮೇಲೆ ಆಗಿನ ನಮ್ಮ ಧಾರವಾಡ ಜಿಲ್ಲೆಯ ದೊಡ್ಡ ನಕಾಶವೂ ಇತ್ತು. ನಾನು ಎದ್ದು ಹೋಗಿ ಅದರ ಮೇಲೂ ಬೆರಳಿಟ್ಟೆ. "ಸರ್, ಹಾನಗಲ್ಲಿಂದ ಹಿರೇಕೆರೂರು ಆರು ಬೆರಳ ಐತಿ. ಅಂದ್ರ ದುಬೈ ಹಿರೇಕೆರೂರಿಗಿಂತ ಸನೇಕ ಆತಲ್ರೀ?"

ಮಾಸ್ತರರು ಒಂದು ಸಲ ಪುಸ್ತಕ ನೋಡಿದರು, ಒಂದು ಸಲ ಗೋಡೆ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ನೀ ಎರಡ ಸಲ ನಪಾಸಾಗಿದ್ದು ಸಾಲಿ ತಪ್ಪಲ್ಲ ಬಿಡೋ" ಅಂದರು.

೩. ಒಂದೂಕಾಲು ಚೀಲದ ಸುಳ್ಳು

ತಿರುಗಿ ಬಂದೆ. ದೊಡ್ಡವ್ವ ಬಾಗಿಲಲ್ಲೇ ನಿಂತಿದ್ದಳು. "ಏನಂದ್ರು ಮಾಸ್ತರು?"

ಗೊತ್ತಿಲ್ಲ ಅಂದಿದ್ದರೆ ಮುಗೀತಿತ್ತು. ಆದರೆ ಗೊತ್ತಿಲ್ಲ ಅನ್ನೋ ಮಾತು ನನ್ನ ಬಾಯಲ್ಲಿ ಎಂದೂ ಬಂದಿಲ್ಲ. ಗಂಭೀರವಾಗಿ ಹೇಳಿದೆ:

"ಮೂರ ದಿನಾ ಅಂತ. ಹಗಲೂ ರಾತ್ರಿ ಹಾರಬೇಕಂತ, ನಡುವ ಎಲ್ಲೂ ಇಳಿಯಂಗಿಲ್ಲ. ರೊಟ್ಟಿ ಲೆಕ್ಕದಾಗ ಸಾವಿರದ ನಾಕನೂರಾ ನಲವತ್ತು."

ನಗ್ತಾಳ ಅಂದುಕೊಂಡೆ. ಚಪ್ಪಲಿ ತಗೋತಾಳ ಅಂತ ಓಡಲು ತಯಾರಾಗಿಯೂ ನಿಂತಿದ್ದೆ. ಎರಡೂ ಆಗಲಿಲ್ಲ. ಆಕೆ ಒಳಗೆ ಹೋದಳು, ಜೋಳದ ಚೀಲ ಎಳೆದು ಹೊರಗೆ ತಂದಳು.

"ಇದನ್ನ ಗಿರಣಿಗೆ ಒಯ್ದ ಬೀಸಿಸಿಕೊಂಡ ಬಾ. ಇದು ಸಾಲೂದಿಲ್ಲ, ಇನ್ನೂ ಕಾಲ ಚೀಲ ಕೊಡ್ತೇನಿ. ಗುರುವಾರಕ್ಕ ಹಿಟ್ಟ ತಯಾರಿರಬೇಕು."

ಒಂದೂಕಾಲು ಚೀಲ ಜೋಳ! ಸೈಕಲ್ಲಿನ ಮೇಲೆ ಹೇರಿಕೊಂಡು, ನಾಲ್ಕು ಸಲ ಗಿರಣಿಗೆ ಹೋಗಿ ಬಂದೆ. ಒಂದು ಸಲ ಹಿಂದಿನ ಟ್ಯೂಬು ಒಡೆಯಿತು, ಪಂಕ್ಚರ್ ತಿದ್ದಿದವನೂ ನಾನೇ. ಅಪ್ಪ ಅಂಗಡಿಯಿಂದ ನೋಡಿ, "ಏನಲೇ, ಇಷ್ಟು ಶಾಣ್ಯಾ ಯಾವಾಗ ಆದಿ?" ಅಂತ ಕೇಳಿದ. ನನ್ನ ಬಾಯಲ್ಲಿ ಉಸಿರಿದ್ದರೆ ಉತ್ತರ ಕೊಡ್ತಿದ್ದೆ. ಸುಳ್ಳಿಗೆ ತೂಕ ಇರೋದಿಲ್ಲ ಅಂತ ಅದುವರೆಗೆ ತಿಳಿದಿದ್ದೆ.

ಬೆನ್ನು ನೋವು ಇಳಿದ ಮೇಲೆ ಹೆದರಿಕೆ ಏರಿತು. ಹೋದ ಶಿವರಾತ್ರಿಯ ದಿನ ಒಂದೇ ಹೊತ್ತಿನ ಉಪವಾಸಕ್ಕೆ ದೊಡ್ಡವ್ವನಿಗೆ ತಲೆ ತಿರುಗಿ, ಕಂಬ ಹಿಡಿದುಕೊಂಡು ಕುಂತಿದ್ದಳು. ಈಗ ಮೂರು ದಿನ, ಅದೂ ಉರಿಯುವ ಒಲೆಯ ಮುಂದೆ! ಆಕೆಗೇನಾದರೂ ಆದರೆ?

ಬುಧವಾರ ಹೋಗಿ ತಪ್ಪು ಒಪ್ಪಿಕೊಂಡೆ. "ದೊಡ್ಡವ್ವ, ನಾ ಸುಳ್ಳ ಹೇಳೇನಿ. ಮೂರ ದಿನಾ ಅಲ್ಲ."

"ಮತ್ತ ಎಷ್ಟು?"

"ಅದು ಗೊತ್ತಿಲ್ಲ."

ಆಕೆ ನನ್ನ ತಲೆ ಸವರಿದಳು. "ನಾ ಉಪವಾಸ ಇರ್ತೇನಿ ಅಂತ ಈಗ ಸುಳ್ಳ ಹೇಳಾಕ ಬಂದಿ. ಖೋಡಿ ಇದ್ರೂ ಕರಳ ಐತಿ ನಿನಗ."

ಮೂರು ದಿನದ ಸುಳ್ಳನ್ನು ನಂಬಿದ ದೊಡ್ಡವ್ವ, ನಾನು ಹುಟ್ಟಿದಾಗಿಂದ ಮೊದಲ ಸಲ ಖರೇ ಹೇಳಿದರೆ ಅದನ್ನು ನಂಬಲಿಲ್ಲ.

೪. ಕ್ಯಾರಿಯರ್ ಮೇಲಿನ ವಿಮಾನ ಪ್ರಯಾಣಿಕ

ಗುರುವಾರ ನಮ್ಮ ಗಡಿಯಾರ ಹತ್ತು ಹೊಡೆಯಿತು. ನಾನೇ ಅಂಗಡಿಯಿಂದ ಕೂಗಿ ಹೇಳಬೇಕಾಯಿತು. ದೊಡ್ಡವ್ವ ದೇವರಿಗೆ ಕೈಮುಗಿದು ಮೊದಲ ರೊಟ್ಟಿ ಹಂಚಿಗೆ ಹಾಕಿದಳು. ದೊಡ್ಡಪ್ಪ ಹಿರೇಬೆಂಡಿಗೇರಿಯ ಹೊಲಕ್ಕೆ ಹೋದವನು ಸಂಜೆಗೇ ಬರುವವನು. ಹತ್ತನೆಯ ರೊಟ್ಟಿಗೆ ನನ್ನ ಕೈಕಾಲು ನಿಲ್ಲಲಿಲ್ಲ. ಖರೇ ಲೆಕ್ಕ ಬಲ್ಲವರು ಯಾರಾದರೂ ಇರಬೇಕಲ್ಲ? ಆಗ ನೆನಪಾಯಿತು. ಸವಣೂರಿನಲ್ಲಿ ಒಬ್ಬರು ಚಾಚಾ ದುಬೈಯಲ್ಲಿ ದುಡಿಯುವವರು, ವರ್ಷದ ಸೂಟಿಗೆ ಊರಿಗೆ ಬಂದಿದ್ದರು. ನಮ್ಮ ಅಂಗಡಿಯ ಒಳ್ಳೆಯ ಸೈಕಲ್ ತೆಗೆದುಕೊಂಡು ಸವಣೂರಿನ ದಾರಿ ಹಿಡಿದೆ.

ಆಷಾಢದ ಗಾಳಿ. ಹೋಗುವಾಗ ಬೆನ್ನ ಹಿಂದೆ ಇತ್ತು, ಪೆಡಲ್ ತುಳಿಯದೆಯೂ ಸೈಕಲ್ ಓಡ್ತಿತ್ತು. ಚಾಚಾ ಎಲೆಬಳ್ಳಿ ತೋಟದ ಬಾಗಿಲಲ್ಲಿ ಕುಂತು ಎಲೆ ಹಾಕಿಕೊಳ್ಳುತ್ತಿದ್ದರು. ಕೇಳಿದೆ.

"ಮುಂಬೈಯಿಂದ ದುಬೈಗೇನು? ಸುಮಾರು ಹತ್ತೊಂಬತ್ತನೂರು ಕಿಲೋಮೀಟರ್. ಮೂರು ತಾಸು" ಅಂದರು.

"ಮೂರ ದಿನಾ ಅಲ್ರಿ?"

"ಲೇ, ಮೂರ ದಿನಕ್ಕ ಭೂಮಿ ಸುತ್ತಿ ಬಂದ ಸವಣೂರಾಗ ಚಹಾ ಕುಡೀಬಹುದು. ಹೋಗುವಾಗ ನಾ ಹತ್ತಕ್ಕ ಹತ್ತಿದ್ದೆ, ಅಲ್ಲಿ ಇಳದಾಗ ಹೊರಗಿನ ಗಡಿಯಾರದಾಗ ಹನ್ನೊಂದೂವರಿ."

"ಅಂದ್ರ ಒಂದೂವರಿ ತಾಸು ಆತು!"

"ಬರುವಾಗ ಹತ್ತಕ್ಕ ಹತ್ತಿದೆ, ಮುಂಬೈದಾಗ ಎರಡೂವರಿಗೆ ಇಳದೆ."

ನಾನು ಬಾಡಿಗೆ ಸೈಕಲ್ ಅಂಗಡಿಯವನು, ನನಗೆ ಕೂಡಲೇ ತಿಳಿಯಿತು. "ಬರುವಾಗ ಎದುರುಗಾಳಿ ಇತ್ತೇನ್ರಿ?"

ಚಾಚಾ ಎಲೆಯ ಕೆಂಪು ರಸ ಅಂಗಿಯ ಮೇಲೆ ಬೀಳುವಷ್ಟು ನಕ್ಕರು. "ಗಾಳಿ ಅಲ್ಲಪಾ! ಅಲ್ಲಿ ಹೊತ್ತ ನಮಗಿಂತ ಒಂದೂವರಿ ತಾಸು ತಡಾ ಹುಟ್ಟತೈತಿ. ಅದಕ್ಕ ಅಲ್ಲಿ ಗಡಿಯಾರಾನೂ ಹಿಂದ. ಹೋಗಲಿ ಬರಲಿ, ಮುಗಲಾಗ ಇರೂದು ಮೂರ ತಾಸು."

ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಹೊತ್ತು ತಡವಾಗಿ ಹುಟ್ಟೋದು ನಾನು ನೋಡಿಲ್ಲ, ಎದುರುಗಾಳಿ ಗೊತ್ತು. ಇರಲಿ, ಮೂರು ತಾಸು ಸಿಕ್ಕಿತಲ್ಲ. ಆದರೆ ನನ್ನ ಬಾಯಿಂದ ಹೇಳಿದರೆ ದೊಡ್ಡವ್ವ ನಂಬೋದಿಲ್ಲ. "ಚಾಚಾ, ಒಂದ ಜೀವದ ಪ್ರಶ್ನೆ ಐತಿ, ನೀವ ಬಂದ ಹೇಳಬೇಕು" ಅಂತ ಎಲ್ಲ ಬಿಡಿಸಿ ಹೇಳಿದೆ. ಪುಣ್ಯಾತ್ಮರು, ಎದ್ದು ಕ್ಯಾರಿಯರ್ ಮೇಲೆ ಕುಂತರು.

ಈಗ ಗಾಳಿ ಎದುರಿಗೆ. ಮೇಲಾಗಿ ಚಾಚಾ ದುಬೈಯಲ್ಲಿ ಚೆನ್ನಾಗಿ ಉಂಡು ಬಂದವರು. ಏರಿನಲ್ಲಿ ಸೈಕಲ್ ಹಿಂದಕ್ಕೆ ಜಾರಿತು, ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಚಾಚಾ ಎರಡೂ ಕೈಯಿಂದ ನನ್ನ ನಡ ಹಿಡಿದುಕೊಂಡು ಕೇಳಿದರು:

"ತಮ್ಮಾ, ವಿಮಾನದಾಗ ಸೀಟಿಗೆ ಪಟ್ಟಾ ಕಟ್ಟತಾರ. ನಿನ್ನ ಗಾಡ್ಯಾಗ ಎಲ್ಲೈತಿ?"

೫. ದುಬೈ ದಾಟಿದ ದೊಡ್ಡವ್ವ

ಓಣಿ ಮುಟ್ಟಿದಾಗ ನಮ್ಮ ಗಡಿಯಾರದಲ್ಲಿ ಎರಡು. ದೊಡ್ಡವ್ವ ಎಂಬತ್ತನೆಯ ರೊಟ್ಟಿ ತಿರುವುತ್ತಿದ್ದಳು. ಮುಖ ಹಂಚಿನಂತೆ ಕೆಂಪಾಗಿತ್ತು. ಸುತ್ತ ಓಣಿಯ ಹೆಂಗಸರು ಕುಂತಿದ್ದರು. ಯಾರು ಎಷ್ಟು ಹೇಳಿದರೂ ಏಳಲೊಲ್ಲಳು.

ಚಾಚಾ ಹೊಸ್ತಿಲ ಹೊರಗೇ ಕುಂತು ಹೇಳಿದರು: "ಅಮ್ಮಾ, ನಾನು ಹೋಗಿ ಬಂದಾಂವ ಅದೇನಿ. ಮೂರ ತಾಸಿನ ಹಾದಿ. ನಿಮ್ಮ ಮಗಾ ಆಗಲೇ ಇಳದಾನ, ಏಳ್ರಿ."

"ನೀವೂ ಈ ಹುಡುಗನ ಮಾತ ಕೇಳಿ ಬಂದೀರಿ" ಅಂದಳು ದೊಡ್ಡವ್ವ. ಕೈ ನಿಲ್ಲಲಿಲ್ಲ.

ಚಾಚಾ ಬೇರೆ ದಾರಿ ಹಿಡಿದರು. "ಅಮ್ಮಾ, ವಿಮಾನದಾಗ ಊಟಾ ಕೊಡ್ತಾರ, ಗೊತ್ತೇನ್ರಿ?"

ದೊಡ್ಡವ್ವನ ಕೈ ನಿಂತಿತು. "ಊಟಾ? ಎಷ್ಟ ಸಲ?"

"ಒಂದ ಸಲ. ಉಂಡು ಕೈ ಒರಸೂದ್ರಾಗ ಇಳೀರಿ ಅಂತಾರ."

"ಒಂದ ಊಟಾ..." ಆಕೆ ಹಿಟ್ಟಿನ ಕೈಯಲ್ಲೇ ಲೆಕ್ಕ ಹಾಕಿದಳು. "ಮೂರ ದಿನದ ಹಾದಿ ಆಗಿದ್ರ ಒಂದ ಊಟಕ್ಕ ಮಂದಿ ಸುಮ್ನ ಕುಂಡ್ರತಿದ್ದಿಲ್ಲ. ಹಂಗಾದ್ರ ಮೂರ ತಾಸ ಖರೇ. ಮೂರ ತಾಸಿಗೆ ಅರವತ್ತ ರೊಟ್ಟಿ." ಒಮ್ಮೆಲೇ ಆಕೆಯ ಮುಖ ಅರಳಿತು. "ಯವ್ವಾ! ನನ್ನ ತವರಮನಿ ದೂರ! ನನ್ನ ಮಗಾ ಹಿರೇಕೆರೂರಿನಷ್ಟ ದೂರ ಅದಾನ, ಅಷ್ಟ!"

ಎಲ್ಲರೂ ಉಸಿರು ಬಿಟ್ಟರು. ದೊಡ್ಡವ್ವ ಬುಟ್ಟಿಯ ಕಡೆ ನೋಡಿದಳು. ಎಣಿಸಿದಳು. ಮತ್ತೆ ಎಣಿಸಿದಳು.

"ಇಲ್ಲಿ ಎಂಬತ್ತ ಅದಾವಲ್ಲ? ಮಗಾ ಇಳದ ಹೋಗ್ಯಾನ, ನಾ ಒಬ್ಬಾಕೀನ ಇಪ್ಪತ್ತ ರೊಟ್ಟಿ ಮುಂದ ಹೋಗೇನಿ?"

ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ಹೇಳಿದ: "ಹೌದ ದೊಡ್ಡವ್ವ. ದುಬೈ ದಾಟಿ ಇನ್ನೂ ಸವಣೂರಿನಷ್ಟ ಮುಂದ ಹೋಗಿ ನಿಂತಿ. ಯಾರರ ಸೀಟಿ ಹೊಡದ ಇಳಸ್ರೋ ಈಕೀನ್ನ!"

೬. ಉಳಿದ ಹಿಟ್ಟು

ದೊಡ್ಡವ್ವ ಉಂಡಳು. ಚಾಚಾ ಉಂಡರು. ನಾನು ನಾಚಿಕೆ ಬಿಟ್ಟು ಎಲ್ಲರಿಗಿಂತ ಹೆಚ್ಚು ಉಂಡೆ. ಆದರೆ ಒಂದು ಚೀಲಕ್ಕಿಂತ ಹೆಚ್ಚಿನ ಹಿಟ್ಟು ಉಳಿಯಿತು. ಬೀಸಿದ ಹಿಟ್ಟು ಮಳೆಗಾಲದಲ್ಲಿ ಎಷ್ಟು ದಿನ ತಡೀತದ? ಎರಡು ದಿನ ಬಿಟ್ಟು ದೊಡ್ಡಪ್ಪ ಕಟ್ಟೆಯ ಮೇಲೆ ಆರಾಮಾಗಿ ತಂಬಾಕು ತಿಕ್ಕುತ್ತ ಕುಂತಿದ್ದ. ಒಳಗಿಂದ ಮಾತು ಬಂತು:

"ಏನ್ರಿ, ಹಾನಗಲ್ಲಿಗೆ ಹೋಗಿ ಬರ್ರಿ."

"ಹಾನಗಲ್ಲಾಗ ನಂದೇನೈತಿಬೇ?"

"ನಿಮ್ಮದೇನಿಲ್ಲ. ಮೂವತ್ತ ರೊಟ್ಟಿ ಹಿಟ್ಟ ಖರ್ಚ ಆಕ್ಕತಿ. ಬ್ಯಾಡಂದ್ರ ಮಾಸೂರಿಗೆ ಹೋಗ್ರಿ, ಅದು ಹಿರೇಕೆರೂರಿಗಿಂತ ದೂರ. ಮದಗದ ಕೆರಿ ನೋಡಿ ಬರ್ರಿ."

ಆ ತಿಂಗಳು ದೊಡ್ಡಪ್ಪ ನೋಡದ ಊರಿಲ್ಲ.

೭. ಅಣ್ಣನ ಪತ್ರ

ಓಣಿಯವರು ಸುಮ್ಮನೆ ಬಿಡ್ತಾರೇನು? ದೊಡ್ಡವ್ವ ನೀರಿಗೆ ಹೊರಟರೆ, "ದುಬೈ ದಾಟಿದಾಕಿ ಬಂದ್ಲು, ಹಾದಿ ಬಿಡ್ರಿ" ಅನ್ನುವವರು. ಮೊದಮೊದಲು ಆಕೆಯೂ ನಕ್ಕಳು. ಆಮೇಲೆ ನಗೋದು ಕಡಿಮೆಯಾಯಿತು. ಒಂದಿನ ದೊಡ್ಡಪ್ಪ ಸವಣೂರಿಗೆ ಹೋದಾಗ ರೊಟ್ಟಿ ಬಡಿದಳು, ಆದರೆ ಎಣಿಸಲಿಲ್ಲ. ನನಗೆ ಕಸಿವಿಸಿಯಾಗಿ ಕೇಳಿದೆ.

"ಇಷ್ಟ ವರ್ಷದಾಗ ನನ್ನ ಲೆಕ್ಕ ಒಂದ ರೊಟ್ಟಿ ತಪ್ಪಿದ್ದಿಲ್ಲೋ" ಅಂದಳು. "ಅವ ಇಳದ ಮ್ಯಾಲೂ ನಾ ಒಂದ ತಾಸ ಎದ್ದಿಲ್ಲ. ನಿಮ್ಮ ದೊಡ್ಡಪ್ಪನ್ನ ಹ್ಯಾಂಗ ಕಟ್ಟಿ ಮ್ಯಾಲ ಕುಂಡ್ರಿಸಿದ್ದೆ, ಹಂಗ ನನ್ನ ಮಗಾ ಆ ಊರ ಬಾಗಲದಾಗ ಒಂದ ತಾಸ ನಿಂತಾನೋ ಏನೋ."

ಅದೇ ವಾರ ಅಣ್ಣನ ಮೊದಲ ಪತ್ರ ದುಬೈಯಿಂದ ಬಂತು. ಓಣಿಯೆಲ್ಲ ಕೂಡಿತು. ಕಂಡಕ್ಟರ್ ಬಂದ, ಮಾಸ್ತರರು ಬಂದರು. ಮಾಸ್ತರರ ಕನ್ನಡಕ ಮನೆಯಲ್ಲಿ ಉಳಿದಿತ್ತು. ನಾನು ಎದ್ದು ನಿಂತು ಓದಿದೆ:

"ಅವ್ವಗ ನಮಸ್ಕಾರ. ವಿಮಾನ ಮೂರು ತಾಸಿಗೆ ದುಬೈ ಮೇಲೆ ಬಂತು. ಆದರೆ ಕೆಳಗೆ ಇಳಿಯಲು ಜಾಗ ಇರಲಿಲ್ಲ. ಅದಕ್ಕೆ ಮೇಲೆಯೇ ಸುತ್ತು ಹೊಡೆದೆವು..."

"ಎಷ್ಟೊತ್ತ?" ದೊಡ್ಡವ್ವ ಎದ್ದು ನಿಂತಳು.

"...ಬರೋಬ್ಬರಿ ಒಂದು ತಾಸು."

ದೊಡ್ಡವ್ವ ಲೆಕ್ಕಕ್ಕೆ ಬೆರಳು ಮಡಚಲೇ ಇಲ್ಲ. ಕಂಡಕ್ಟರನ ಮುಂದೆ ಹೋಗಿ ನಿಂತಳು.

"ಒಂದ ತಾಸಿಗೆ ಎಷ್ಟ ರೊಟ್ಟಿ?"

"ಇ... ಇಪ್ಪತ್ತ."

"ಅರವತ್ತಕ್ಕ ಇಪ್ಪತ್ತ ಕೂಡಿಸಿದ್ರ?"

"ಎಂಬತ್ತ ದೊಡ್ಡವ್ವ."

"ಬುಟ್ಟ್ಯಾಗ ಎಷ್ಟಿದ್ದೂ?"

ಕಂಡಕ್ಟರ್ ಟೋಪಿ ತೆಗೆದ. ದೊಡ್ಡವ್ವ ಸೆರಗು ಸರಿ ಮಾಡಿಕೊಂಡು ಓಣಿಗೆಲ್ಲ ಕೇಳುವಂತೆ ಹೇಳಿದಳು: "ವಿಮಾನ ತಪ್ಪೀತು, ನನ್ನ ಹಂಚ ತಪ್ಪೂದಿಲ್ಲ!" ಅವತ್ತೇ ಸಂಜೆ ಎಣಿಸಿ ಎಣಿಸಿ ರೊಟ್ಟಿ ಬಡಿದಳು. ಯಾರೂ ಯಾವ ಊರಿಗೂ ಹೋಗಿರಲಿಲ್ಲ.

ಹಿಂಗಾಗಿ ಒಗಟಿನ ಉತ್ತರ ಎಂಬತ್ತು. ನೀವು ಮೂರು ತಾಸಿನ ಲೆಕ್ಕ ಹಿಡಿದು ಅರವತ್ತು ಅಂತೀರಿ. ಅಂದ್ರಿ ಅಂದ್ರ, ನಮ್ಮ ಓಣಿಯಲ್ಲಿ ನಿಮಗ ನೀರೂ ಸಿಗೋದಿಲ್ಲ.

ನಿಮಗೊಬ್ಬರಿಗೇ ಹೇಳ್ತೇನಿ, ದೊಡ್ಡವ್ವನ ಮುಂದೆ ಆಡಬ್ಯಾಡ್ರಿ. ಪತ್ರ ಇನ್ನೂ ನನ್ನ ಹತ್ತಿರ ಐತಿ. ಅದರಲ್ಲಿ ಇರೋದು ಇಷ್ಟೇ: "ಮೂರು ತಾಸಿಗೆ ಸುಖವಾಗಿ ಮುಟ್ಟಿದೆ. ಅವ್ವಗ ಉಣ್ಣಾಕ ಹೇಳು." ಕೆಳಗೆ ಜಾಗ ಇಲ್ಲದ್ದು, ಮೇಲೆ ಒಂದು ತಾಸು ಸುತ್ತಿದ್ದು, ಅದನ್ನೆಲ್ಲ ಓದುತ್ತ ಓದುತ್ತ ನಾನೇ ಹುಟ್ಟಿಸಿದ್ದು.